ಮಾವ ಕಡೆಗೂ ಗ್ರೀಸ್ ಹಚ್ಚಿದರು

ಮನೆಯ ತಾರಸಿ
ಭಾನುವಾರ, ಹದಿನಾಲ್ಕನೇ ತಾರೀಖು, ಸಂಜೆ

ಹಡಗಿನ ರೇಡಿಯೋ ಸಾಹೇಬರಾದ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಸೊಂಟನೋವು ಕಮ್ಮಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ನಾನು ಗಟ್ಟಿಯಾಗಿದ್ದೇನೆ. ಮಾವನ ಎಡಗಿವಿ ಮಾತ್ರ ಪೂರ್ತಿ ಹೋಯಿತು, ಬಲಗಿವಿಯೂ ಹೆಚ್ಚು ದಿನ ಬರುವುದಿಲ್ಲ ಅಂದರು ಡಾಕ್ಟರು. ಅಷ್ಟರೊಳಗೆ ನಿಮ್ಮ ದನಿ ಒಮ್ಮೆಯಾದರೂ ಅವರಿಗೆ ಕೇಳಿಸಲೇಬೇಕೆಂದು ಆಂಟೆನಾ ಕಟ್ಟುವುದಕ್ಕೆ ಕೈ ಹಾಕಿದೆ.

ಹೋದ ವರ್ಷದ ಆಂಟೆನಾ ಬಿದ್ದದ್ದು ಕಬ್ಬಿಣದ ಬೋಲ್ಟು ತುಕ್ಕು ಹಿಡಿದು ತಾನೇ? ಅದಕ್ಕೇ ಈ ಸಲ ಅಂಗಡಿಯಲ್ಲಿ ನೀವು ಬರೆದ ನಂಬರ್ ಹೇಳಿ, ಉಪ್ಪುಗಾಳಿ ತಡೆಯುವ ಸ್ಟೀಲಿನದನ್ನೇ ತಂದೆ. ನಟ್ಟು, ವಾಷರ್ ಎಲ್ಲ ಅದೇ ಜಾತಿಯವು. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ನಿಧಾನ ತಿರುಗಿಸಿ ಅಂತ ನೀವು ಬರೆದದ್ದನ್ನೂ ಮಾವನಿಗೆ ಓದಿ ಹೇಳಿದೆ. ನಲವತ್ತು ವರ್ಷ ಬಸ್ಸು ರಿಪೇರಿ ಮಾಡಿದವರು ಕೇಳುತ್ತಾರೆಯೇ! "ತುಕ್ಕೇ ಹಿಡಿಯದ ಸ್ಟೀಲಿಗೆ ಗ್ರೀಸ್ ಯಾಕೆ? ಬೋಲ್ಟು ಬಿಗಿಯೋದನ್ನ ಇವನು ನನಗೆ ಹೇಳಿಕೊಡ್ತಾನಾ?" ಅಂತ ಮೂಗು ಮುರಿದು, ಸ್ಪ್ಯಾನರ್ ಹಿಡಿದು ಸರಸರನೆ ತಿರುಗಿಸಿದರು. ನಟ್ಟು ಅರ್ಧಕ್ಕೆ ಕಚ್ಚಿಕೊಂಡಿತು ನೋಡಿ! ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಡೀ ಬೆಳಗ್ಗೆ ಗರಗಸ ಹಿಡಿದು ಕೊಯ್ದೆವು. ಮಾವ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು, "ಎಲಾ ಇದರ! ಹೊಸ ನಟ್ಟು, ಹೊಸ ಬೋಲ್ಟು, ಒಂದನ್ನೊಂದು ತಿಂದುಬಿಟ್ಟಿವೆಯಲ್ಲಮ್ಮಾ" ಅಂತ ಬೆರಗಾಗಿ ಕೂತರು. ಆಮೇಲೆ ತಾವೇ ಹಳೇ ಹಲ್ಲುಜ್ಜುವ ಬ್ರಷ್ ತಂದು, ನೀವು ಕಳಿಸಿದ ಬೆಳ್ಳಿ ಬಣ್ಣದ ಗ್ರೀಸನ್ನು ಉಳಿದ ಬೋಲ್ಟುಗಳಿಗೆ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದರು. ನಟ್ಟು ಬೆರಳ ತುದಿಯಲ್ಲೇ ತಿರುಗಿತು. "ಸಲೀಸಾಗಿ ಹೋಗ್ತಿದೆ ಅಂತ ಜೋರು ಮಾಡಬೇಡ, ಬೋಲ್ಟೇ ತುಂಡಾದೀತು" ಅಂತ ನನ್ನನ್ನೇ ಗದರಿಸಿದರು, ಗ್ರೀಸಿನ ವಿದ್ಯೆಯೆಲ್ಲ ತಮ್ಮದೇ ಅನ್ನುವ ಹಾಗೆ!

ನಾಲ್ಕು ಗಂಟೆಗೆ, ನೀವು ಪ್ರತಿ ಭಾನುವಾರ ರೇಡಿಯೋ ಗೆಳೆಯರ ಜೊತೆ ಮಾತಾಡುವ ಹೊತ್ತಿಗೆ, ಬರೀ ಕೇಳಲು ಬರುವ ನಮ್ಮ ರೇಡಿಯೋದ ಹೆಡ್‌ಫೋನನ್ನು ಮಾವನಿಗೆ ಹಾಕಿ ಸದ್ದು ಪೂರ್ತಿ ಏರಿಸಿದೆ. ಮೊದಲು ಬರೀ ಭೋರ್ ಅಂತ ಗಾಳಿ. ಆಮೇಲೆ ನೀವು! ಅಷ್ಟು ನೀರು ದಾಟಿ, ಆಕಾಶಕ್ಕೆ ಬಡಿದು, ನಮ್ಮ ತಾರಸಿಯ ನಾಲ್ಕು ಕಡ್ಡಿ ಹುಡುಕಿಕೊಂಡು ಬಂದಿತಲ್ಲ ರೀ ನಿಮ್ಮ ದನಿ! ನೀವು ಕೆಮ್ಮಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿ ಮೈ ಜುಂ ಅಂತು. ಮಾವ ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿಕೊಂಡು ನಗುತ್ತಿದ್ದರು, ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಆ ಕೆಮ್ಮಿಗೆ ಬಿಸಿನೀರು ಕುಡಿಯಿರಿ. ಹಡಗಿನವರಿಗೆಲ್ಲ ನನ್ನ ನೆನಪು ತಿಳಿಸಿ. ಮಾವನ ಆಶೀರ್ವಾದ ಈ ಕಾಗದದ ಮೂಲೆಯಲ್ಲಿದೆ, ಗ್ರೀಸಿನ ಹೆಬ್ಬೆಟ್ಟು ಅವರದೇ.

ನಿಮ್ಮ ಹೆಂಡತಿ, ಸದ್ಯಕ್ಕೆ ತಾರಸಿ ಮೇಸ್ತ್ರಿ

ತಾ.ಕ.: ಬರೆಯಲೋ ಬೇಡವೋ ಅಂತಿದ್ದೆ. ನಿಮ್ಮ ಮಾತು ಮುಗಿದ ಮೇಲೂ ಮಾವ ಹೆಡ್‌ಫೋನ್ ತೆಗೆಯಲಿಲ್ಲ. "ಎಲ್ಲರನ್ನೂ ಮಾತಾಡಿಸಿದ. ಇನ್ನು ನನ್ನನ್ನ ಮಾತಾಡಿಸ್ತಾನೆ, ಇರು" ಅಂತ ಅರ್ಧ ಗಂಟೆ ಕೂತಿದ್ದರು. ಆಂಟೆನಾ ಎದ್ದಿರುವುದೂ, ನಾವಿಲ್ಲಿ ಕೇಳುತ್ತಿರುವುದೂ ನಿಮಗೆ ಗೊತ್ತೇ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಈ ಪತ್ರ ಸಿಕ್ಕ ಮೇಲೆ ಬರುವ ಭಾನುವಾರ, ಯಾರು ಏನಂದುಕೊಂಡರೂ ಸರಿ, ಮುಗಿಸುವ ಮುಂಚೆ ಜೋರಾಗಿ ಒಂದು ಸಲ "ಅಪ್ಪಾ" ಅನ್ನಿ.