ಮೂರೇ ಓಣಿ ದೂರ

ಅಕ್ಟೋಬರ್ 7, ಸೋಮವಾರ

ಬೆಳಿಗ್ಗೆಯಿಂದ ನಾಲ್ಕು ಪಾಸ್‌ಪೋರ್ಟ್ ಫೋಟೋ. ನಾಲ್ಕೂ ಒಂದೇ ಮನೆಯವು — ಮೂಲೆಮನೆಯ ಕ್ಷೌರದವನ ಸಂಸಾರ. ಇಸ್ರೇಲಿಗೆ ಹೊರಟಿದ್ದಾರೆ. ಇಪ್ಪತ್ತು ವರ್ಷದಿಂದ ಬುಖಾರಾದ ಯಹೂದಿ ಕೇರಿ ನನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ಎದ್ದು, ಊರು ಬಿಡುತ್ತಿದೆ. ನಗಬೇಡಿ, ಹಲ್ಲು ತೋರಿಸಬೇಡಿ — ಇಷ್ಟೇ ನಾನು ಕೊಡುವ ಬೀಳ್ಕೊಡುಗೆ.

ಕೂತವರ‍್ಯಾರೂ ನಗಲಿಲ್ಲ,
ನಕ್ಕವರಿಗೆ ವೀಸಾ ಸಿಗಲಿಲ್ಲ.

ಸಾಹಿತ್ಯದಲ್ಲಿ ಡಿಗ್ರಿ ಮಾಡಿದ್ದಕ್ಕೆ ಸಿಕ್ಕ ಫಲ.

ಸಂಜೆ ಸಿಪೋರಾ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು. ನರ್ಸ್ ಕೋಟು ಬಿಚ್ಚಿರಲಿಲ್ಲ. ಮಗಳು ಅಂಗಡಿಗೆ ಬಂದರೆ ಒಂದೋ ಚಾರ್ಜರ್ ಬೇಕಿರುತ್ತದೆ, ಇಲ್ಲ ನಾನು. ಇವತ್ತು ನಾನು ಬೇಕಿತ್ತು. ಬೆಹ್‌ರೂಜ್‌ನನ್ನು ಮದುವೆಯಾಗುತ್ತಾಳಂತೆ. ಎಕ್ಸ್‌ರೇ ವಿಭಾಗದ ಹುಡುಗ. ಹಿಟ್ಟಿನ ಗಿರಣಿ ಓಣಿಯವರು. ಮುಸ್ಲಿಮರು. ನನಗೆ ಮೊದಲೇ ಗೊತ್ತಿತ್ತು. ನನ್ನ ಹೆಂಡತಿ ಓಸ್ನಾತ್‌ಗೆ ನನಗಿಂತ ಮೊದಲು ಗೊತ್ತಿತ್ತು. ಗೊತ್ತಿಲ್ಲದವಳು ನನ್ನಮ್ಮ ಒಬ್ಬಳೇ.

"ಅಜ್ಜಿಗೆ ನೀನೇ ಹೇಳಪ್ಪ. ಪ್ರಾಸ ಹಾಕಿ ಹೇಳು, ಮೆತ್ತಗಾಗುತ್ತೆ."

ಯಾವ ಪ್ರಾಸಕ್ಕೂ ಅಷ್ಟು ಶಕ್ತಿ ಇಲ್ಲ.

ಅಕ್ಟೋಬರ್ 9, ಬುಧವಾರ

ಹೇಳಿದೆ. ಗದ್ಯದಲ್ಲೇ.

ಅಮ್ಮ ಕ್ಯಾರೆಟ್ ಹೆಚ್ಚುತ್ತಿದ್ದಳು. ನಿಲ್ಲಿಸಲಿಲ್ಲ. ಎಪ್ಪತ್ನಾಲ್ಕು ವರ್ಷ, ಅದರಲ್ಲಿ ಐವತ್ತೈದು ವರ್ಷ ಈ ಊರಿನ ಮದುವೆಗಳಿಗೆ ದಾಯ್ರಾ ತಮಟೆ ಬಡಿದು ಹಾಡಿದವಳು. ನಮ್ಮವರ ಮದುವೆ ಎಷ್ಟಿದ್ದೀತು? ಹಾಡಿದ್ದೆಲ್ಲ ಬಹುಪಾಲು ಮುಸ್ಲಿಮರ ಮನೆಗಳಲ್ಲೇ. ಅವರ ಮಾಂಸ ಮುಟ್ಟುವ ಹಾಗಿಲ್ಲ ಅಂತ ಮನೆಯಿಂದ ಬೇಯಿಸಿದ ಮೊಟ್ಟೆ ಒಯ್ದು, ಮೂಲೆಯಲ್ಲಿ ಕೂತು ತಿಂದು, ಮತ್ತೆ ಬಂದು ಹಾಡುತ್ತಿದ್ದಳು. ಬುಲೂರ್ — ಅಮ್ಮನ ಹೆಸರು — ಬರದೆ ಮದುವೆ ಮದುವೆಯೇ ಅಲ್ಲ ಅನ್ನುತ್ತಿದ್ದರು. ಅಪ್ಪ ಹೋದ ಮೇಲೆ ದಾಯ್ರಾ ದಿಂಬಿನ ಚೀಲ ಸೇರಿ ಗೋಡೆಯ ಮೊಳೆಗೆ ಹೋಯಿತು. ಆರು ವರ್ಷವಾಯಿತು.

ಆ ಹಾಡಿದ ಮನೆಗಳನ್ನೇ ನೆಪ ಮಾಡಿಕೊಂಡು, ನೀನು ಕಾಣದ ಮನೆಯೇನಲ್ಲವಲ್ಲಮ್ಮ ಅಂದೆ.

"ಅವರ ಮನೆಗೆ ಹಾಡು ಕೊಟ್ಟಿದೀನಿ ಕಣೋ. ಹೆಣ್ಣು ಕೊಟ್ಟಿಲ್ಲ."

ಆಮೇಲೆ ಕ್ಯಾರೆಟ್ ಪಾತ್ರೆಗೆ ಸುರಿದು, ನಿನ್ನ ಮಗಳ ಫೋಟೋ ಒಂದನ್ನು ದೊಡ್ಡದು ಮಾಡಿಕೊಡು ಅಂದಳು. ಸುತ್ತ ಕಪ್ಪು ಅಂಚು ಇರಲಿ. ಮದುವೆಯ ದಿನದಿಂದ ಏಳು ದಿನ ನೆಲದ ಮೇಲೆ ಕೂರುತ್ತಾಳಂತೆ. ಸತ್ತವರಿಗೆ ಕೂರುತ್ತೇವಲ್ಲ, ಹಾಗೆ. ಚಿಕ್ಕಮ್ಮ ಇಸ್ತಾತ್‌ಗೆ ಕೂತಿದ್ದ ಹಾಗೆ.

ಇಸ್ತಾತ್ ಅಮ್ಮನ ತಂಗಿ. ನಾನು ಹುಟ್ಟುವ ಮೊದಲೇ ಕುದುರೆ ಜೀನು ಹೊಲಿಯುವ ಮುಸ್ಲಿಮನೊಬ್ಬನನ್ನು ಮದುವೆಯಾದಳು. ತಾತ ಇಡೀ ಮನೆಯನ್ನು ಏಳು ದಿನ ನೆಲದ ಮೇಲೆ ಕೂರಿಸಿದ. ಹಾಗೆ ಸತ್ತ ಮೇಲೆ ಚಿಕ್ಕಮ್ಮ ಇದೇ ಊರಿನಲ್ಲಿ ಮೂವತ್ತು ವರ್ಷ ಬದುಕಿದಳು. ಮಾರ್ಕೆಟ್ಟಿನಲ್ಲಿ ಎದುರಾದರೆ ಅಮ್ಮ ಈರುಳ್ಳಿ ನೋಡುತ್ತಿದ್ದಳು.

ಪ್ರಿಂಟರಿಗೆ ಇಂಕ್ ಇಲ್ಲ ಅಂದೆ. ನಿನ್ನೆ ತಾನೇ ತುಂಬಿಸಿದ್ದೆ.

ಅಕ್ಟೋಬರ್ 11, ಶುಕ್ರವಾರ

ಅಣ್ಣ ಬೊರೂಖ್ ನ್ಯೂಯಾರ್ಕಿನಿಂದ ವಿಡಿಯೋ ಕಾಲ್. ಬೆಳಕು ಹಿಂದಿನಿಂದ, ಮುಖ ಕಪ್ಪು. ಫೋಟೋಗ್ರಾಫರನ ಅಣ್ಣ! ಅಮ್ಮ ಮಾಡುತ್ತಿರುವುದೇ ಸರಿಯಂತೆ, ಕೂರಲೇಬೇಕಂತೆ. ಅವನ ಫ್ಲ್ಯಾಟಿನಲ್ಲಿ ನೆಲದ ಮೇಲೆ ಕೂರಲು ಜಾಗವಿಲ್ಲ, ಅದಕ್ಕೆ ನಮ್ಮ ನೆಲ ಬೇಕು.

ಪ್ರಾರ್ಥನೆಯ ಮನೆಗೂ ಸುದ್ದಿ ಮುಟ್ಟಿದೆ. ಹತ್ತು ಗಂಡಸರು ಸೇರದೆ ಪ್ರಾರ್ಥನೆ ಶುರುವಾಗುವುದಿಲ್ಲ. ಇವತ್ತು ಒಂಬತ್ತೇ ಜನ, ಹತ್ತನೆಯವನಿಗೆ ಕಾಯುತ್ತ ಎಲ್ಲರೂ ನನ್ನ ಕಡೆ ತಿರುಗಿ ಕೇರಿ ಖಾಲಿಯಾಗುತ್ತಿರುವುದಕ್ಕೆ ನಿಟ್ಟುಸಿರು ಬಿಟ್ಟರು. ನನ್ನ ಮಗಳನ್ನು ಈ ಹತ್ತರಲ್ಲಿ ಒಂದು ದಿನವೂ ಎಣಿಸಿದವರಲ್ಲ. ಹೋಗುತ್ತಾಳೆ ಅಂದ ಕೂಡಲೇ ಲೆಕ್ಕಕ್ಕೆ ಬಂದಳು.

ಆ ಕಡೆಯೂ ಸುಖವಿಲ್ಲ. ಹುಡುಗನ ದೊಡ್ಡಪ್ಪ, ಹುಡುಗಿ ಕಲಿಮಾ ಹೇಳಿ ಮುಸ್ಲಿಮಳಾಗಲೇಬೇಕು ಅಂತ ಪಟ್ಟು ಹಿಡಿದಿದ್ದನಂತೆ. ಅವರ ಮುಲ್ಲಾನೇ ಬೇಕಿಲ್ಲ ಬಿಡಿ, ಯಹೂದಿಗಳೂ ದೇವರ ಗ್ರಂಥ ಪಡೆದವರೇ ಅಂದ ಮೇಲೆ ದೊಡ್ಡಪ್ಪನಿಗೆ ಸಿಟ್ಟು ಮುಲ್ಲಾನ ಮೇಲೆ ತಿರುಗಿದೆ.

ಮದುವೆ ನವೆಂಬರ್ 3, ಭಾನುವಾರ. ರಿಜಿಸ್ಟರ್ ಕಚೇರಿ, ಆಮೇಲೆ ಅವರ ಅಂಗಳ.

ಅಕ್ಟೋಬರ್ 18, ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥ ಮಾತೇ ಮನೆಯಲ್ಲಿ ಆಡುತ್ತಿಲ್ಲ.

ಅಮ್ಮ ಊಟಕ್ಕೆ ಮೂರೇ ತಟ್ಟೆ ಇಡುತ್ತಾಳೆ. ಸಿಪೋರಾ ಎದ್ದು ಹೋಗಿ ತನ್ನ ತಟ್ಟೆ ತಾನೇ ತಂದುಕೊಳ್ಳುತ್ತಾಳೆ. ಇಬ್ಬರದೂ ಒಂದೇ ಹಟ. ಉಪ್ಪು ಬೇಕಾದರೆ ನನ್ನನ್ನು ಕೇಳುತ್ತಾರೆ, ಉಪ್ಪು ಇಬ್ಬರ ನಡುವೆಯೇ ಇದ್ದರೂ. ನಿನ್ನೆ ಮಗಳು ಅಡುಗೆಮನೆಯಲ್ಲಿ ಅಳುತ್ತಿದ್ದಳು. ಓಡಿಹೋಗು, ತಾಷ್ಕೆಂಟಿನಲ್ಲಿ ಮದುವೆ ಮಾಡಿಕೋ ಅಂತ ಓಸ್ನಾತ್ ಹೇಳಿಕೊಟ್ಟಳು. ಬೇಡವಂತೆ.

"ಓಡಿಹೋದ್ರೆ ಅಜ್ಜಿ ಹೇಳಿದ್ದೇ ನಿಜ ಆಗುತ್ತಮ್ಮ. ನಾನು ಸತ್ತ ಹಾಗೇ ಲೆಕ್ಕ."

ಫೋಟೋ ಆಯಿತಾ ಅಂತ ಅಮ್ಮ ಎರಡು ಸಲ ಕೇಳಿದಳು. ಇಂಕ್ ತಾಷ್ಕೆಂಟಿನಿಂದ ಬರಬೇಕು ಅಂದೆ.

ಅಕ್ಟೋಬರ್ 27, ಭಾನುವಾರ, ಮಧ್ಯಾಹ್ನ

ಅಂಗಡಿ ಬಾಗಿಲು ಹಾಕಿ ಬರೆಯಲು ಕೂತಿದ್ದೇನೆ.

ಹತ್ತು ಗಂಟೆಗೆ ಹುಡುಗನ ಅಜ್ಜಿ ಸಾದತ್ ಬಂದಳು. ಒಬ್ಬಳೇ, ಕೋಲೂರಿಕೊಂಡು, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ನಾನು ಬಾಗಿಲಲ್ಲೇ ಪಕ್ಕಕ್ಕೆ ಸರಿದೆ. ಅಮ್ಮ ಎದ್ದು ನಿಲ್ಲಲಿಲ್ಲ, ಹೊರಗೆ ಹೋಗು ಅಂತಲೂ ಅನ್ನಲಿಲ್ಲ. ಸಾದತ್ ಎದುರಿಗೆ ಕೂತು ಗಂಟು ಬಿಚ್ಚಿದಳು. ಎರಡು ರೊಟ್ಟಿ. ತಂದೂರಿನ ಬಿಸಿ ಇನ್ನೂ ಇತ್ತು.

ಹೆಣ್ಣು ಕೇಳುವುದಕ್ಕಲ್ಲ ಆ ರೊಟ್ಟಿ. ಹಾಡುಗಾರ್ತಿಯನ್ನು ಮದುವೆಗೆ ಕರೆಯುವವರು ತರುವುದು. ಮುರಿದರೆ ಒಪ್ಪಿದ ಹಾಗೆ. ಇಡಿಯಾಗಿ ಹಿಂದೆ ಕೊಟ್ಟರೆ ಇಲ್ಲ.

"ಹೆಣ್ಣಿನ ಮಾತಾಡೋಕೆ ಬಂದಿಲ್ಲ ಬುಲೂರ್. ಅದನ್ನ ಗಂಡಸರು ನೋಡ್ಕೊಂಡಿದಾರೆ," ಅಂದಳು ಸಾದತ್. "ನಮ್ಮನೇಲಿ ಮೊಮ್ಮಗನ ಮದುವೆ. ಹಾಡೋರು ಬೇಕು."

"ನಿಮ್ಮ ಹುಡುಗ್ರು ಸ್ಪೀಕರ್ ಡಬ್ಬ ಗೊತ್ತುಮಾಡಿದಾರಂತಲ್ಲ."

"ಮಾಡಿದಾರೆ. ಡಬ್ಬಕ್ಕೆ ಮದುಮಗಳ ಹೆಸರು ಗೊತ್ತಾ?"

ಅಮ್ಮ ರೊಟ್ಟಿ ನೋಡುತ್ತಿದ್ದಳು. ಚಹಾ ಆರುತ್ತಿತ್ತು. ಮೊಣಕಾಲು ಸರಿಯಿಲ್ಲ ಅಂದಳು.

"ಮೊಣಕಾಲಲ್ಲಿ ಹಾಡ್ತೀಯಾ? ನನ್ನ ಮದುವೇಲಿ ನಿನಗಿನ್ನೂ ಎರಡು ಜಡೆ ಹಾಕೋ ವಯಸ್ಸು. ದಾಯ್ರಾ ಹಿಂದೆ ನೀನೇ ಕಾಣ್ತಿರಲಿಲ್ಲ. ನಿನ್ನ ಹಾಡಿಂದಾನೇ ಆ ಮನೆ ಹೊಸ್ತಿಲು ದಾಟಿದೀನಿ ನಾನು. ನನ್ನ ಮೊಮ್ಮಗನ ಹೆಂಡ್ತಿ ಡಬ್ಬದ ಹಾಡಿಗೆ ದಾಟ್ಬೇಕಾ?"

ಅಮ್ಮ ಚಹಾ ಲೋಟ ಪಕ್ಕಕ್ಕೆ ಸರಿಸಿ ಅಂದಳು: "ಅಜ್ಜಿಯಾಗಿ ನಾನು ಬರಲ್ಲ."

"ಅಜ್ಜೀನ ಯಾರು ಕರೆದ್ರು? ನಾನು ಹಾಡೋಳನ್ನ ಕರೀತಿರೋದು."

ಅಮ್ಮ ರೊಟ್ಟಿ ಕೈಗೆತ್ತಿಕೊಂಡಳು. ಮುರಿದಳು. ಒಂದು ತುಂಡು ಸಾದತ್‌ಗೆ, ಒಂದು ತನಗೆ. ನನಗೆ ಕೊಡಲಿಲ್ಲ. ಒಳಗೆ ಓಸ್ನಾತ್ ಕೈಯಿಂದ ಪಾತ್ರೆ ಜಾರಿತು. ಯಾರೂ ಬೈಯಲಿಲ್ಲ.

ಹೋಗುವಾಗ ಸಾದತ್ ಬಾಗಿಲಲ್ಲಿ ನನ್ನ ಕಡೆ ನೋಡಿ, "ಏನ್ ಮಗ, ಬಾಯಿ ತೆರೆದು ನಿಂತಿದೀಯ, ಇದು ಪಾಸ್‌ಪೋರ್ಟ್ ಫೋಟೋನಾ?" ಅಂದಳು.

ಅಕ್ಟೋಬರ್ 28, ಸೋಮವಾರ

ಬೆಳಿಗ್ಗೆ ಚಹಾ ಕೊಡುತ್ತ ಅಮ್ಮ ತಾನಾಗಿ ಹೇಳಿದಳು. ಚಿಕ್ಕಮ್ಮ ಇಸ್ತಾತ್ ತನ್ನ ಮಗನ ಮದುವೆಗೆ ಎರಡು ರೊಟ್ಟಿ ಕಳಿಸಿದ್ದಳಂತೆ. ಅಕ್ಕ ಅಂತಲ್ಲ, ಹಾಡುಗಾರ್ತಿ ಅಂತ. ತಾತ ಬಾಗಿಲಲ್ಲಿ ನಿಂತಿದ್ದನಂತೆ.

"ಇಡಿಯಾಗಿ ಹಿಂದೆ ಕಳಿಸಿದೆ. ಬಿಸಿಯಾಗೇ ಇತ್ತು."

ಅಷ್ಟೇ. ಲೋಟ ತೊಳೆಯಲು ಹೋದಳು. ಅಷ್ಟು ವರ್ಷ ಈರುಳ್ಳಿ ಯಾಕೆ ಅಷ್ಟು ಹೊತ್ತು ನೋಡುತ್ತಿದ್ದಳು ಅಂತ ಈಗ...

ಅಕ್ಟೋಬರ್ 30, ಬುಧವಾರ

ಅಮ್ಮನ ಶರತ್ತುಗಳು ಬಂದಿವೆ. ಗಂಡಿನ ಕಡೆಯ ಕಾರು ಬರಬೇಕು. ಹಾಡುವವರ ಚಾಪೆಯಲ್ಲೇ ಕೂರುತ್ತಾಳೆ, ಬೀಗರ ಸಾಲಿನಲ್ಲಲ್ಲ. ಮೊಟ್ಟೆ ಮನೆಯಿಂದಲೇ. ಸ್ಪೀಕರ್ ಡಬ್ಬ ಅವಳ ಕಣ್ಣಿಗೆ ಬೀಳಬಾರದು. ಸಾದತ್ ಎಲ್ಲಕ್ಕೂ ಹ್ಞೂಂ ಅಂದಿದ್ದಾಳೆ. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದನಂತೆ, ಅವಳ ಮೊದಲ ಹಾಡಿನಲ್ಲಿ ನಿನ್ನ ಹೆಸರು ಬರಬೇಕೋ ಬೇಡವೋ ಅಂತ ಸಾದತ್ ಕೇಳಿದ ಮೇಲೆ ಮುಚ್ಚಿದನಂತೆ.

ಬೊರೂಖ್ ಮತ್ತೆ ಕಾಲ್ ಮಾಡಿದ. ಈ ಸಲ ಅಮ್ಮನೇ ಮಾತಾಡಿದಳು. ಭಾನುವಾರ ಕೆಲಸಕ್ಕೆ ಹೋಗಬೇಕು ಕಣೋ, ರೊಟ್ಟಿ ಮುರಿದಾಗಿದೆ ಅಂದಳು. ನೆಲದ ಮೇಲೆ ಕೂರುವುದು ಏನಾಯಿತು ಅಂತ ಅವನು ಕೇಳಿದ.

"ಹಾಡೋರು ಇನ್ನೆಲ್ಲಿ ಕೂರ್ತಾರೆ? ನೆಲದ ಮೇಲೇ."

ಫೋನ್ ನನ್ನ ಕೈಗೆ ಕೊಟ್ಟು ಹೋದಳು. ಅಣ್ಣನ ಮುಖ ಕಪ್ಪಗೆ ಕಾಣುತ್ತಿತ್ತು — ಬೆಳಕಿನ ದೋಷ ಅಂದುಕೊಂಡೆ.

ಇವತ್ತು ಊಟಕ್ಕೆ ನಾಲ್ಕು ತಟ್ಟೆ. ಸಿಪೋರಾ ಎರಡು ಸಲ ಬಡಿಸಿಕೊಂಡಳು.

ನವೆಂಬರ್ 3, ಭಾನುವಾರ, ಮೂರು ಗಂಟೆ

ಬೆಳಿಗ್ಗೆ ರಿಜಿಸ್ಟರ್ ಆಯಿತು. ಅಳಿಯ ಸಹಿ ಮಾಡುವಾಗ ಬೆವೆತ. ಇನ್ನು ಅವರ ಅಂಗಳ.

ಮನೆಯೆಲ್ಲ ಕಾದ ಚರ್ಮದ ವಾಸನೆ. ಆರು ವರ್ಷ ಗೋಡೆಯಲ್ಲಿದ್ದ ದಾಯ್ರಾ ಸಡಿಲವಾಗಿತ್ತು, ಬಡಿದರೆ ಹಾಸಿಗೆ ಕೊಡವಿದ ಹಾಗೆ. ಅಮ್ಮ ಗ್ಯಾಸ್ ಒಲೆಯ ಮುಂದೆ ಕೂತು ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದಳು. ಆಗಾಗ ಬೆರಳಿನಿಂದ ತಟ್ಟಿ ಕಿವಿ ಕೊಡುತ್ತಿದ್ದಳು. ಒಂದು ಸಲ ಖಣ್ ಅಂತು. ಮದುವೆಯ ಉಡುಪಿನಲ್ಲಿದ್ದ ಸಿಪೋರಾ — ಹಳೆಯ ರೇಷ್ಮೆ, ಅಮ್ಮನದೇ — ಬಾಗಿಲಲ್ಲಿ ಬಂದು ನಿಂತಳು. ಅಮ್ಮ ತಲೆ ಎತ್ತಿ ನೋಡಿ, "ಒಲೆ ಹತ್ರ ಬರ್ಬೇಡ, ಬಟ್ಟೆಗೆ ವಾಸನೆ ಹಿಡಿಯುತ್ತೆ," ಅಂದಳು. ಒಂದು ತಿಂಗಳಲ್ಲಿ ಅವಳಿಗೆ ಆಡಿದ ಮೊದಲ ಮಾತು.

ಆಮೇಲೆ ನನ್ನ ಕಡೆ ತಿರುಗಿದಳು. "ಆ ಫೋಟೋ ಮಾಡಿದ್ಯಾ?"

"ಇಂಕ್ ಇನ್ನೂ ಬಂದಿಲ್ಲಮ್ಮ."

"ಒಂದು ತಿಂಗಳಿಂದ?"

"ಒಂದು ತಿಂಗಳಿಂದ."

"ಒಳ್ಳೇದು. ಇವತ್ತು ತೆಗೆದದ್ದನ್ನ ದೊಡ್ಡದು ಮಾಡು. ಅಂಚು ಬೇಡ."

ಇನ್ನೊಂದು ಕೆಲಸವೂ ವಹಿಸಿದ್ದಾಳೆ. ಮದುಮಗಳು ಹೊಸ್ತಿಲು ದಾಟುವಾಗ ಹಾಡುವ ಸಾಲುಗಳಲ್ಲಿ ಅವಳ ಹೆಸರು ಬರಬೇಕು, ಯಾರ ಮಗಳು, ಯಾರ ಮೊಮ್ಮಗಳು ಅಂತ ಬರಬೇಕು. ಹಳೆಯ ಸಾಲುಗಳು ಮರೆತುಹೋಗಿವೆಯಂತೆ. ಸಾಹಿತ್ಯ ಓದಿದ್ದೀಯಲ್ಲ, ಬರೆದುಕೊಡು.

ಪೆನ್ನು ತೆಗೆದು ಕೇಳಿದೆ — ಮೊಮ್ಮಗಳು ಅನ್ನುವಲ್ಲಿ ಯಾರ ಹೆಸರು ಹಾಕಲಿ?

"ಬುಲೂರ್ ಅಂತ ಹಾಕು. ಮತ್ತೆ ಪಕ್ಕದ್ಮನೆಯವಳ ಹೆಸರು ಹಾಕ್ತೀಯಾ?"

ಅದಕ್ಕೇ ಈಗ ಈ ಪುಸ್ತಕ ಹಿಡಿದು ಕೂತಿರುವುದು. ಇಷ್ಟು ವರ್ಷ ಬರೆದದ್ದೆಲ್ಲ ಇದಕ್ಕೆ ಅಭ್ಯಾಸ ಅಂದುಕೊಳ್ಳಬೇಕು. ಮೊದಲ ಸಾಲು ಸಲೀಸಾಗಿ ಬಂತು. ಕೇರಿಯ ಹುಡುಗಿಯರೆಲ್ಲ ಸರಿಯಾದ ಗಂಡಿನ ಕೈ ಹಿಡಿದು ಸಮುದ್ರ ದಾಟಿದರು. ನಮ್ಮವಳು —

ಬಂದಳು ನೋಡಿ ಸಿಪೋರಾ, ತವರಿಗೆ ಮೂರೇ ಓಣಿ ದೂರ,
ಬುಲೂರಳ ಮುದ್ದಿನ ಮೊಮ್ಮಗಳು, ಅಜ್ಜಿಯ —

ಕಾರು ಬಂತು. ಅಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ, ಉಳಿದ ಸಾಲು ದಾರಿಯಲ್ಲೇ —