ಅಳುಬುರುಕನ ಮೂರನೆಯ ದಿನ

ಲಿಂಗಸುಗೂರು
೨೧ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಪಂಪಾಪತಿ ಅವರಿಗೆ ಅನುಪಮಾಳ ನಮಸ್ಕಾರ.

ಹೆಸರು ಹಿಡಿದು ಕರೆದಿದ್ದೇನೆ. ಪಕ್ಕದಲ್ಲಿ ನಿಮ್ಮವ್ವ ಕೂತಿದ್ದರೆ ಈ ಸಾಲು ಬಿಟ್ಟು ಓದಿ ಹೇಳಿ. ಮೆಸೇಜ್ ಕಳಿಸಬಹುದಿತ್ತು, ಆದರೆ ನಾನು ಎಷ್ಟುದ್ದ ಬರೆದರೂ ನೀವು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀರಿ. ಕಾಗದಕ್ಕೂ ಹೆಬ್ಬೆಟ್ಟು ಒತ್ತಿ ಕಳಿಸಿದರೆ ನನ್ನ ಶಾಲೆಗೇ ನಿಮ್ಮ ಹೆಸರು ಹಚ್ಚುತ್ತೇನೆ, ನೆನಪಿರಲಿ. ಮೋಟಾರಿನ ಸಾಮಾನು ಒಯ್ಯಲು ನಿಮ್ಮ ತಮ್ಮ ದುರುಗೇಶ ಬಂದಿದ್ದಾನೆ. ಅವನಿಗೆ ಊಟಕ್ಕೆ ಬಡಿಸಿದ್ದೇನೆ, ಅವನು ಉಂಡೇಳುವುದರೊಳಗೆ ಬರೆದು ಕೈಯಲ್ಲಿ ಕೊಡಬೇಕು. ಅವನ ಊಟ ನಿಮಗೆ ಗೊತ್ತಿದ್ದದ್ದೇ, ಸಮಯಕ್ಕೇನೂ ಕೊರತೆಯಿಲ್ಲ.

ಸುದ್ದಿ ಏನೆಂದರೆ, ನಮ್ಮ ಅಳುಬುರುಕ ಹೋದನಂತೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡಿದೆ. ಬಿಡುವು ಮುಗಿದ ಮೇಲೆ ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡಬೇಕಿತ್ತು. ಬೋರ್ಡಿನ ಕಡೆ ಮುಖ ಮಾಡಿ ಹಾಗೇ ನಿಂತುಬಿಟ್ಟೆ. ಏನಾಯಿತೆಂದು ಮಕ್ಕಳು ಕೇಳಿದವು. ನಮ್ಮವರೊಬ್ಬರು ತೀರಿಕೊಂಡರು ಎಂದೆ. ಯಾರೆಂದು ಹೇಳಲು ಹೋದರೆ ಇಡೀ ಹಟ್ಟಿಯ ಕಥೆ ಹೇಳಬೇಕಾಗುತ್ತಿತ್ತು.

ನೆನಪಿದೆಯೇ? ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸ್‌ನಲ್ಲಿ ನೀವು ನಮ್ಮ ಎದುರು ಸಾಲಿಗೆ ಬಂದ ಹೊಸತು. ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಮನುಷ್ಯ. ನಿಮ್ಮ ಟೇಪ್ ರೆಕಾರ್ಡರಿಗೆ ಸಣ್ಣ ದನಿಯೆಂಬುದೇ ಗೊತ್ತಿರಲಿಲ್ಲ. ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ‘ಹೋಗಿ ಆ ಹುಡುಗಗ ಹೇಳವಾ, ಗಣ್ಯಾಗೂ ಇದಾ ಸಪ್ಪಳ, ಮನ್ಯಾಗೂ ಇದಾ ಸಪ್ಪಳ ಅಂದ್ರ ಮನಷ್ಯಾ ಎಲ್ಲಿ ಮಕ್ಕೋಬೇಕು’ ಎಂದು ನನ್ನನ್ನು ಅಟ್ಟಿದ. ಬೈಯಲೆಂದು ಬಂದವಳು ಹಾಡು ಮುಗಿಯುವವರೆಗೆ ನಿಮ್ಮ ಬಾಗಿಲಲ್ಲಿ ನಿಂತೆ. ಮುಗಿದ ಮೇಲೆ, ಇನ್ನೊಮ್ಮೆ ಹಾಕಿರಿ ಎಂದೆ. ನೀವು ಯಾರು ಏನು ಎಂದು ಒಂದು ಮಾತು ಕೇಳದೆ ಕ್ಯಾಸೆಟ್ ಹಿಂದಕ್ಕೆ ಸುತ್ತಿದಿರಿ. ಆಗಲೇ ನಾನು ಕೆಟ್ಟೆ.

ವರ್ಗವಾಗಿ ಹೋದ ಎಂಜಿನಿಯರ್ ಸಾಹೇಬರೊಬ್ಬರು ನಿಮಗೆ ಬಿಟ್ಟುಹೋದ ಕ್ಯಾಸೆಟ್ಟುಗಳ ಡಬ್ಬಿ ಅದು. ಒಂದು ಕ್ಯಾಸೆಟ್ಟಿಗೂ ಹೊದಿಕೆಯಿಲ್ಲ, ಹೆಸರಿಲ್ಲ, ಮುಖವಿಲ್ಲ. ಹಾಡುವ ಇಂಗ್ಲಿಷು ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ನಾವೇ ಕಟ್ಟಿಕೊಳ್ಳುತ್ತಿದ್ದೆವು. ಹೆಸರಿಲ್ಲದವರಿಗೆ ಹೆಸರೂ ನಾವೇ ಇಟ್ಟೆವು. ಕುಲುಮೆಯಲ್ಲಿ ಕಬ್ಬಿಣ ಬಡಿದಂತೆ ಡ್ರಮ್ ಬಾರಿಸುವವನು ಆಚಾರಿ. ಅಡುಗೆಮನೆಯ ಸ್ಟೀಲ್ ಲೋಟಗಳು ಗುಂಯ್ ಎನ್ನುವಷ್ಟು ಕೆಳಗಿನ ದನಿಯಲ್ಲಿ ತಂತಿ ಮೀಟುವವನು ಗುಮ್ಮ. ಗಂಟಲು ಕಟ್ಟಿದ್ದರೂ ಹಾಡು ಬಿಡದವನು ಕೆಮ್ಮಣ್ಣ. ಮೊದಲ ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ, ಗಿಟಾರಿನಲ್ಲಿ ಬಿಕ್ಕಿ ಬಿಕ್ಕಿ ಅಳುವವನು ಅಳುಬುರುಕ.

ನಾಲ್ವರೂ ಒಂದೇ ತಂಡದವರು, ಒಂದೇ ತಾಟಿನಲ್ಲಿ ಉಣ್ಣುವ ಅಣ್ಣತಮ್ಮಂದಿರು ಎಂದೇ ನಾವು ನಂಬಿದ್ದೆವು. ಮೊಬೈಲು ಬಂದ ಮೇಲೆ ತಾನೇ ಗೊತ್ತಾದದ್ದು, ಸಾಹೇಬರು ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಸೇರಿಸಿ ತುಂಬಿಸಿಕೊಂಡಿದ್ದರೆಂದು. ಒಬ್ಬೊಬ್ಬರದು ಒಂದೊಂದು ತಂಡ, ಒಬ್ಬರ ಮುಖ ಒಬ್ಬರು ನೋಡಿದ್ದರೋ ಇಲ್ಲವೋ. ನನಗೆ ಮನೆ ಒಡೆದು ಪಾಲಾದಷ್ಟು ಸಂಕಟವಾಯಿತು. ನೀವು ನಕ್ಕಿರಿ. ‘ನಮ್ಮನ್ಯಾಗ ಕೂಡ್ಯಾರಲ್ಲ, ಸಾಕ ಬಿಡು’ ಎಂದಿರಿ. ಆ ಮಾತಿಗೆ ನಿಮ್ಮ ಮೇಲೆ ಬಂದ ಪ್ರೀತಿಯನ್ನು ಆಗ ಹೇಳಲಿಲ್ಲ, ಈಗ ಹೇಳಿದ್ದೇನೆ.

ಮೊದಲು ಹೋದವನು ಆಚಾರಿ. ನೀವು ಹೊರಸಿನ ಮೇಲೆ ಕೂತು ಅಳುತ್ತಿದ್ದಿರಿ. ಆಗ ನಮ್ಮಲ್ಲಿಗೆ ಬಂದಿದ್ದ ಅವ್ವ ಗಾಬರಿಯಾಗಿ, ಯಾರು ಸತ್ತರು, ಯಾರ ಪೈಕಿ, ಯಾವೂರು ಎಂದು ಕೇಳಿದರು. ಸಮುದ್ರದಾಚೆಯವನು, ಬಾರಿಸುವವನು ಎಂದೆ. ನಿಮ್ಮವ್ವ ಯಮನಮ್ಮನೆಂದರೆ ಸುಮ್ಮನೆಯೇ? ‘ಯಾವೂರವನಾದ್ರೇನು, ಇಷ್ಟು ಅತ್ತ ಮ್ಯಾಲ ಮೂರನೇ ದಿನ ಮಾಡದಿದ್ರ ಹೆಂಗ?’ ಎಂದು ತೀರ್ಪು ಕೊಟ್ಟುಬಿಟ್ಟರು. ಮೂರನೆಯ ದಿನ ಅವನ ಕ್ಯಾಸೆಟ್ಟಿನ ಮುಂದೆ ಹಾಲು ತುಪ್ಪ ಇಟ್ಟರು. ಅವನು ಕುಡಿಯುತ್ತಿದ್ದದ್ದು ಹಾಲಲ್ಲ ಎಂದು ನೀವು ಅಳುತ್ತಲೇ ಹೇಳಿದಿರಿ, ನಾನು ಅಳುತ್ತಲೇ ನಕ್ಕೆ. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು.

ಗುಮ್ಮ ಹೋಗುವಷ್ಟರಲ್ಲಿ ನೀವು ಗಣಿಯ ಕೆಲಸ ಬಿಟ್ಟು, ನನ್ನನ್ನೂ ಬಿಟ್ಟು, ಗೊರೇಬಾಳಕ್ಕೆ ಅವ್ವನ ಬಳಿಗೆ ಹೋಗಿದ್ದಿರಿ. ನಾನು ಗೊರೇಬಾಳಕ್ಕೆ ಬರುವುದಿಲ್ಲ, ನೀವು ಲಿಂಗಸುಗೂರಿಗೆ ಬರುವುದಿಲ್ಲ. ಇಬ್ಬರ ಸೊಕ್ಕಿಗೂ ನಡುವೆ ಬೀಳುವ ಊರು ಮಸ್ಕಿ. ಮೂರನೆಯ ದಿನ ಅಲ್ಲಿ ಕೂಡಿದೆವು. ಬಸ್ ನಿಲ್ದಾಣದ ಹತ್ತಿರ ಮಂಡಾಳ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಗುಡ್ಡದ ಬುಡದಲ್ಲಿ ಕೂತು, ಒಂದು ಮಿರ್ಚಿ ಗುಮ್ಮನಿಗೆಂದು ಎತ್ತಿಟ್ಟು, ಅವನ ಹಾಡು ಕೇಳಿ, ನೀವು ನಿಮ್ಮೂರ ಕಡೆಯ ಸಿಂಧನೂರಿನ ಬಸ್ಸು ಹತ್ತಿದಿರಿ, ನಾನು ಈ ಕಡೆಯದು.

ಈಗ ಕೆಮ್ಮಣ್ಣನ ಮೂರನೆಯ ದಿನ ಮಸ್ಕಿಯಲ್ಲಿ ನಡೆದ ವಿಷಯ ಬರೆಯಬೇಕು. ನೀವು ಸಿಟ್ಟಾದರೂ ಪರವಾಗಿಲ್ಲ.

ಅದೇ ಗುಡ್ಡದ ಬುಡದಲ್ಲಿ ಕಲ್ಲಿನ ಮೇಲೆ ನನ್ನ ಮೊಬೈಲು ಇಟ್ಟಿದ್ದೆ. ನೀವು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಿರಿ. ನಡು ಹಾಡಿನಲ್ಲಿ ಚಾರ್ಜ್ ಮುಗಿದು ಮೊಬೈಲು ಆರಿತು. ನಿಮ್ಮ ತಲೆ ಆಡುತ್ತಲೇ ಇತ್ತು. ತಾಳ ಒಂದು ಕೂದಲಷ್ಟೂ ತಪ್ಪಲಿಲ್ಲ. ನಾನು ಬಾಯಿ ತೆರೆದು ನೋಡುತ್ತಾ ಕೂತೆ. ಹಾಡು ಮುಗಿಯಬೇಕಾದ ಹೊತ್ತಿಗೆ ಕಣ್ಣು ತೆರೆದು, ‘ಕಡೀಕ ಆ ಒದರೋದು ಕೇಳಿದೇನು? ಮೈಯಾಗ ಮುಳ್ಳು ಏಳ್ತಾವ’ ಎಂದಿರಿ. ಆ ಕೂಗು ಬಂದೇ ಇರಲಿಲ್ಲ. ಕೇಳಿದೆ ಎಂದು ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ನನ್ನ ಅಳು ನೋಡಿದ ಪಕ್ಕದ ಹೆಂಗಸು, ಯಾರ ಮಣ್ಣಿಗೆ ಹೋಗಿದ್ದಿರಿ ಎಂದು ಕೇಳಿದಳು.

ಆಮೇಲೆ ದುರುಗೇಶನ ಬಾಯಿ ಬಿಡಿಸಿದೆ. ನಿಮ್ಮಪ್ಪನಿಗೂ ಇದೇ ವಯಸ್ಸಿಗೆ ಕಿವಿ ಹೋಗಿತ್ತಂತೆ, ಮನೆತನದಲ್ಲೇ ಇದೆಯಂತೆ. ಇರಲಿ, ಬಂದದ್ದು ಬಂತು. ಆದರೆ ನೀವು ನನಗೆ ಹೇಳಬೇಕಿತ್ತು. ಒಟ್ಟಿಗಿದ್ದಾಗ ನಾನು ಕರೆದರೆ ನೀವು ಓ ಎನ್ನುತ್ತಿರಲಿಲ್ಲ. ನಾನು ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿದರೆ, ಅನ್ನಕ್ಕೆ ಇಟ್ಟೆಯಾ ಎನ್ನುತ್ತಿದ್ದಿರಿ. ಬೇಕೆಂದೇ ಪಾತ್ರೆ ಬೀಳಿಸಿದರೂ ತಿರುಗಿ ನೋಡಲಿಲ್ಲ. ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ ಎಂದುಕೊಂಡೆ. ‘ನನಗ ಕೇಳಸವಲ್ದು ಅನು’ ಎಂಬ ಒಂದು ಮಾತಿಗೆ ನಿಮ್ಮ ಗಂಟು ಏನು ಹೋಗುತ್ತಿತ್ತು? ಕೇಳದ ಗಂಡನನ್ನು ನಾನು ಬಿಡುತ್ತಿದ್ದೆನೇ? ಕೇಳುತ್ತಿದ್ದಾಗಲೂ ನೀವು ನನ್ನ ಮಾತು ಕೇಳಿದವರಲ್ಲ.

ಅಳುಬುರುಕನದು ಬೇರೆಯವರ ಹಾಗಲ್ಲ, ನಿಮಗೂ ಗೊತ್ತು. ನನ್ನ ಹೊಟ್ಟೆಯಲ್ಲಿದ್ದದ್ದು ಉಳಿಯದೆ ಹೋದಾಗ ನಿಮಗೆ ಅಳು ಬರಲಿಲ್ಲ, ನನಗೆ ಅಳು ನಿಲ್ಲಲಿಲ್ಲ. ನೀವು ಅವನ ಕ್ಯಾಸೆಟ್ ಹಾಕಿ ನನ್ನ ಕಾಲ ಬಳಿ ಕೂತಿರಿ. ನಿಮ್ಮ ಪಾಲಿನ ಅಳುವನ್ನು ಅವನು ಅತ್ತ. ಅವನ ಋಣ ನಮ್ಮ ಮೇಲಿದೆ.

ನಾಲ್ವರಲ್ಲಿ ಇವನೇ ಕಡೆಯವನು. ಇನ್ನು ನಿಮ್ಮನ್ನು ಮಸ್ಕಿಗೆ ಕರೆಯಲು ನಾನು ಯಾರ ಸಾವು ಕಾಯಬೇಕು? ಭಾನುವಾರ ಮೂರನೆಯ ದಿನ. ಬನ್ನಿ. ಹಾಡು ಕೇಳಿಸದಿದ್ದರೆ ಬೇಡ, ನಿಮ್ಮ ತಲೆಯೊಳಗೆ ಅದು ಪೂರ್ತಿ ಇರುವುದನ್ನು ನಾನೇ ಕಂಡಿದ್ದೇನೆ. ಎಲ್ಲಿ ಅಳುತ್ತಾನೆ, ಎಲ್ಲಿ ಸುಮ್ಮನಾಗುತ್ತಾನೆ ಎಂದು ಬಾಯಲ್ಲಿ ಹೇಳಿ, ನಾನು ಕೇಳುತ್ತೇನೆ. ವಾಪಸು ಹೊರಡುವಾಗ ಮಾತ್ರ ಸಿಂಧನೂರಿನ ಬಸ್ಸು ಹತ್ತಬೇಡಿ, ನನ್ನ ಜೊತೆ ಲಿಂಗಸುಗೂರಿಗೆ ಬನ್ನಿ. ಕಿವಿಗೆ ಮಷೀನು ಹಾಕಿಸಬೇಕೋ ಬೇಡವೋ, ಮನೆಗೆ ಬಂದು ಜಗಳವಾಡೋಣ. ಏಳನೆಯ ತರಗತಿಯ ದಯೆಯಿಂದ ನನ್ನ ಗಂಟಲು ಗಟ್ಟಿಯಾಗಿದೆ, ನೀವು ಚಿಂತೆ ಮಾಡಬೇಡಿ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ, ಅವರನ್ನೂ ಕರೆತಂದರೆ ಇನ್ನೂ ಒಳ್ಳೆಯದು.

ನೀವು ಓಗೊಡದಿದ್ದರೂ ಕರೆಯುವುದು ಬಿಡದ,
ನಿಮ್ಮ ಅನುಪಮಾ

ತಾ.ಕ.: ಅಳುಬುರುಕ ಸತ್ತಿಲ್ಲ. ಈ ಕಾಗದದಲ್ಲಿ ಹಟ್ಟಿಯ ಕಥೆ ಶುರುಮಾಡುವ ಮೊದಲೇ ನನಗೆ ಗೊತ್ತಾಗಿತ್ತು. ದುರುಗೇಶ ತಾಟಿನ ಮುಂದೆ ಕೂತೇ ಮೊಬೈಲು ತೋರಿಸಿ, ‘ವೈನಿ, ಇದು ಸುಳ್ಳು ಸುದ್ದಿ ಐತ್ರಿ, ಆರಾಮ ಅದಾನಂತ ಅವನ ಮಗಳಾ ಹೇಳ್ಯಾಳ’ ಎಂದ. ‘ನಿಮ್ಮಣ್ಣಗ ಹೇಳಬ್ಯಾಡ, ಸುಮ್ಮನ ಉಣ್ಣು’ ಎಂದು ಇನ್ನೊಂದು ರೊಟ್ಟಿ ಹಾಕಿ, ಬರೆಯುತ್ತಲೇ ಹೋದೆ. ಹೇಳದೆ ಕಳಿಸಬೇಕೆಂದೇ ಇದ್ದೆ, ಮನಸ್ಸು ಒಪ್ಪಲಿಲ್ಲ. ಯಾರೂ ಸತ್ತಿಲ್ಲ. ಆದರೂ ಬನ್ನಿ.