ಯಾರ ಮೊಳ

ಸೇಲಂ
8-11-1974

ಪ್ರೀತಿಯ ನಂಜಪ್ಪನಿಗೆ,

...ಗೋಡೆಗೊಂದು ಹಿಡಿ ಎಂದೋ, ಹಿಡಿಗೊಂದು ಗೋಡೆ ಎಂದೋ, ಪಾಲಕೋಡ್ ಬಸ್ಸು ಹೊರಡುವಾಗ ನೀನು ಕಿಟಕಿಯಿಂದ ಏನೋ ಹೇಳಿದೆ. ಎಂಜಿನ್ ಸದ್ದಿನಲ್ಲಿ ಅರ್ಧವೇ ಕೇಳಿಸಿತು. ಅವ್ವನ ಬಚ್ಚಲಿಗೆ ಹಿಡಿಕೆ ಹಾಕಿಸುವ ಮಾತಿರಬೇಕು ಎಂದುಕೊಂಡು ಆ ಕೆಲಸ ಮಾಡಿಸಿದ್ದೇನೆ. ಬರೆಯುವುದು ಮೂರು ವಾರ ತಡವಾಯಿತು, ಕ್ಷಮಿಸು. ಬಚ್ಚಲಲ್ಲಿ ಬಿದ್ದ ಅವ್ವನ ಸೊಂಟದ ಊತ ಇಳಿದಿದೆ. ಇನ್ನೊಮ್ಮೆ ಬಿದ್ದರೆ ಮೂಳೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಆದರೂ ಸ್ನಾನಕ್ಕೆ ಯಾರೂ ಜೊತೆಗೆ ಬರಕೂಡದಂತೆ. ನಿನ್ನ ಅತ್ತಿಗೆ ಬಾಗಿಲವರೆಗೆ ಹೋಗಿ ಬೈಸಿಕೊಂಡು ಬಂದಳು.

ಕಬ್ಬಿಣದ ಪೈಪು ತಂದೆ. ನೆಲದಿಂದ ಎರಡೂವರೆ ಮೊಳ ಅಳೆದು ಗೋಡೆಗೆ ಗುರುತು ಹಾಕಿದೆ. ಗಾರೆ ಕೆಲಸದ ಕುಪ್ಪುಸ್ವಾಮಿ ಸಿಮೆಂಟು ಕಲಸಿ ಕೂರಿಸಿದ. ಮೂರನೆಯ ದಿನ ಅದಕ್ಕೆ ಜೋತುಬಿದ್ದು ತೋರಿಸಿದ. "ಪಾಟ್ಟಿ, ಕೋಯಿಲ್ ತೂಣ್ ಮಾದಿರಿ ನಿಕ್ಕುಂ." ದೇವಸ್ಥಾನದ ಕಂಬದ ಹಾಗೆ ನಿಲ್ಲುತ್ತದಂತೆ.

"ಕಂಬ ನಿಂತ್ಕಂಡ್ರೆ ಆಯ್ತಾ ಮೇಸ್ತ್ರಿ, ನಾನ್ ನಿಂತ್ಕಬ್ಯಾಡ್ವಾ?" ಎಂದಳು ಅವ್ವ. ಬಾಗಿದ ಅವಳ ಭುಜಕ್ಕಿಂತ ಪೈಪು ಮೇಲಿತ್ತು. ನನ್ನ ಕಡೆ ತಿರುಗಿ, "ಇದ್ಯಾರ್ ಮೊಳ ಲಾ?"

"ನಂದೇ."

"ಬೀಳೋಳು ನಾನು, ಮೊಳ ನಿಂದಾ?"

ನಮ್ಮ ಮನೆಯಲ್ಲಿ ಮಗ್ಗಕ್ಕೆ ಹಾಸುನೂಲು ಅಳೆಯುವಾಗ ನೇಯುವವರ ಕೈಮೊಳವೇ ಲೆಕ್ಕ. ಮಗ್ಗದ ಪಕ್ಕದಲ್ಲೇ ಹುಟ್ಟಿದ ನಾನು ಅದನ್ನು ಮರೆತಿದ್ದೆ.

ಮರುದಿನ ಬೆಳಿಗ್ಗೆ ಅವಳು ಅಂಚಿನ ನೂಲಿಗೆ ಕಾಸಿದ್ದ ಕೆಂಪು ಬಣ್ಣದಲ್ಲಿ ಎರಡೂ ಅಂಗೈ ಅದ್ದಿಕೊಂಡಳು. ಕಣ್ಣು ಮುಚ್ಚಿ ಹೊಸ್ತಿಲಿನಿಂದ ಸ್ನಾನದ ಕಲ್ಲಿನವರೆಗೆ ನಡೆದಳು, ಕೂತಳು, ಎದ್ದಳು. "ಬೀಳೋ ಕೈಗೆ ಕಣ್ಣಿಲ್ಲ ಕಣೋ." ಕೈ ತಾನಾಗಿ ಹೋದಲ್ಲೆಲ್ಲ ಗೋಡೆಯ ಮೇಲೆ ಬಣ್ಣದ ಅಚ್ಚು ಉಳಿಯಿತು. ಏಳು ಅಂಗೈಗಳು. ಒಂದೂ ನನ್ನ ಪೈಪಿನ ಹತ್ತಿರ ಇರಲಿಲ್ಲ. ಒಂದಂತೂ ಬಾಗಿಲ ಹಿಂದೆ, ಸೀರೆ ನೇತುಹಾಕಲು ತಿರುಗುವ ಕಡೆ. ಅಲ್ಲಿ ಯಾರಾದರೂ ಬೀಳಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಕುಪ್ಪುಸ್ವಾಮಿ ಬೀಡಿ ಆರಿಸಿ ಅಚ್ಚುಗಳನ್ನು ಒಂದೊಂದೇ ಎಣಿಸಿದ. ನಾನೂ ಎಣಿಸಿದೆ. ಒಂದು ದೇಹ ತನ್ನನ್ನು ತಾನು ಇಷ್ಟು ಬಲ್ಲದೇ?

ಪೈಪು ಕಿತ್ತು ಎರಡು ತುಂಡು ಮಾಡಿ, ಒಂದನ್ನು ಬಾಗಿಲ ಹಿಂದಿನ ಕೈಯ ಮೇಲೆ, ಇನ್ನೊಂದನ್ನು ಉಳಿದ ಆರು ಕೈಗಳ ಸಾಲಿಗೆ ಓರೆಯಾಗಿ ಕೂರಿಸಿದೆವು. ಎಣ್ಣೆ ಕೈಗೆ ಜಾರುತ್ತದೆ ಎಂದು ಅವ್ವ ಉಳಿಕೆ ನೂಲನ್ನು ನೆನೆಸಿ ತಾನೇ ಸುತ್ತಿದಳು. "ಒದ್ದೆ ಆದಂಗೆಲ್ಲ ಬಿಗೀತೈತೆ." ಸುತ್ತು ಸುತ್ತಿನ ನಡುವೆ ಸೂಜಿ ತೂರುವಷ್ಟೂ ಸಂದಿಲ್ಲ. ಹಿಡಿದು ನೋಡಿದ ನನಗೆ ಸ್ವಲ್ಪ ಹೊತ್ತು ಬಿಡಲಾಗಲಿಲ್ಲ.

ಈಗ ಒಬ್ಬಳೇ ಹೋಗುತ್ತಾಳೆ. ನಿನಗೂ ಮಕ್ಕಳಿಗೂ ನೂರು ವರ್ಷ ಎಂದು ಬರೆಯಲು ಹೇಳಿದ್ದಾಳೆ.

ಇಂತಿ ನಿನ್ನ ಅಣ್ಣ,
ಸುಬ್ಬರಾಯಪ್ಪ

ಮರೆತಿದ್ದು: ಅವ್ವ ಬಿದ್ದಾಗ ನಾನು ಪೇಟೆಯಲ್ಲಿದ್ದೆ ಎಂದು ನಿನಗೆ ಹೇಳಿದ್ದೆ. ಇರಲಿಲ್ಲ. ನಿನ್ನ ಅತ್ತಿಗೆ ತಾರಮಂಗಲಕ್ಕೆ ಹೋಗಿದ್ದಳು. ನಾನು ಬಚ್ಚಲ ಬಾಗಿಲಲ್ಲೇ ಇದ್ದೆ. ಬಾಗಿಲಿಗೆ ಅಗುಳಿಯೂ ಇಲ್ಲ. "ಒಳೀಕ್ ಬರಬ್ಯಾಡ, ಮೈಮ್ಯಾಲೆ ಬಟ್ಟೆ ಇಲ್ಲ" ಎಂದಳು. ಪಕ್ಕದ ಮನೆಯ ರಾಜಾತಿಯನ್ನು ಕೂಗಿದೆ. ಅವಳು ಬೀದಿ ನಲ್ಲಿಯಲ್ಲಿ ನೀರು ಹಿಡಿದು ಬರುವವರೆಗೆ, ಅರ್ಧ ಗಂಟೆ, ಬೆನ್ನು ತಿರುಗಿಸಿ ನಿಂತಿದ್ದೆ. ಹೆಗಲ ಮೇಲೆ ಟವೆಲು ಇತ್ತು, ಅದು ನೆನಪಾಗಲಿಲ್ಲ. ಅಷ್ಟು ಹೊತ್ತೂ ಅವ್ವ ಒಮ್ಮೆಯೂ ನರಳಲಿಲ್ಲ. ನೀನಾಗಿದ್ದರೆ ಒಳಗೆ ಹೋಗುತ್ತಿದ್ದೆಯಾ, ನಂಜಪ್ಪ?